ಅಥಣಿ ಚಪ್ಪಲಿ, ಮೇಲೊಂದು ಮಿಡಿ: ಮೊದಲ ಪಾರ್ಟಿಗೆ ಹಂತ ಹಂತವಾಗಿ

ಗೆಳತಿಯ ಸಾಖರಪುಡಾ ಗೊತ್ತಾಗಿದೆ. ಬೆಳಿಗ್ಗೆ ಶಾಸ್ತ್ರ, ಸಂಜೆ ಪಾರ್ಟಿ. ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬಿದ್ದಿದೆ: "ಸಂಜೀಕ ಎಲ್ಲಾರೂ ವೆಸ್ಟರ್ನ್ ಹಾಕೊಂಡ ಬರ್ರಿ." ಬೆಳಗಿನದಕ್ಕೆ ಚಿಂತೆ ಇಲ್ಲ, ಸೀರೆ ಇದೆ. ಸಂಜೆಯದೇ ಫಜೀತಿ. ಕಪಾಟು ತೆಗೆದರೆ ನಾಲ್ಕು ಚೂಡಿದಾರ, ಎರಡು ಜೀನ್ಸ್, ಕಾಲೇಜಿನ ಸೆಂಡ್‌ಆಫ್‌ಗೆ ಹಾಕಿದ್ದ ಒಂದು ಟಾಪ್. ಫೋನಿನಲ್ಲಿ ನೋಡಿದ ಡ್ರೆಸ್ಸೆಲ್ಲ ಚೆಂದ, ಪಾರ್ಸಲ್ ಬಿಚ್ಚಿದ ಮೇಲೆ ಒಂದೂ ಮೈಗೆ ಕೂಡುವುದಿಲ್ಲ.

ಭಯಪಡಬೇಡಿ. ಚಿಕ್ಕೋಡಿಯಲ್ಲಿರಿ, ನಿಪ್ಪಾಣಿಯಲ್ಲಿರಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲೇ ಇರಿ, ಪುಣೆ ಬೆಂಗಳೂರಿನ ಮಾಲ್‌ಗೆ ಹೋಗದೆ ಈ ಕೆಲಸ ಆಗುತ್ತದೆ. ಒಂದೇ ಒಂದು ಕಡೆ ನನ್ನ ಮಾತು ಕೇಳಿ. ವಿಡಿಯೊಗಳಲ್ಲಿ ಮೊದಲು ಡ್ರೆಸ್, ಆಮೇಲೆ ಅದಕ್ಕೆ ಒಪ್ಪುವ ಚಪ್ಪಲಿ ಅಂತ ಹೇಳುತ್ತಾರೆ. ನಾವು ತಿರುವು ಮುರುವು ಮಾಡೋಣ. ಮೊದಲು ಚಪ್ಪಲಿ, ಅಲ್ಲಿಂದ ಮೇಲಕ್ಕೆ. ಇದಕ್ಕೆ ಕಾರಣ ಎರಡು. ಡ್ರೆಸ್ ಒಂದು ಮಧ್ಯಾಹ್ನದಲ್ಲಿ ಸಿಗುತ್ತದೆ, ಚರ್ಮದ ಚಪ್ಪಲಿ ಪಾದಕ್ಕೆ ಒಗ್ಗಲು ಎರಡು ವಾರ ಬೇಕು. ಇನ್ನೊಂದು, ಪಾರ್ಟಿ ಉಡುಪಿನಲ್ಲಿ ಜಗತ್ತು ತಿರುಗಿ ನೋಡುವಂಥ ವಸ್ತು ನಮ್ಮ ಸೀಮೆಯಲ್ಲಿ ತಯಾರಾಗುವುದು ಅದೊಂದೇ.

ಪಾರ್ಟಿಗೆ ಕನಿಷ್ಠ ಮೂರು ವಾರ ಇರುವಾಗ ಶುರು ಮಾಡಿ.

ಹಂತ 1: ಮೂರು ಪ್ರಶ್ನೆಗೆ ಉತ್ತರ ಬರೆಯಿರಿ

ಒಂದು ಹಾಳೆ ತೆಗೆದುಕೊಳ್ಳಿ. ಪಾರ್ಟಿ ಎಲ್ಲಿ, ಯಾವ ತಿಂಗಳು, ನೀವು ಹೋಗುವುದು ಯಾವುದರಲ್ಲಿ, ಇಷ್ಟು ಬರೆಯಿರಿ. ಮಂಗಲ ಕಾರ್ಯಾಲಯದ ಒಳಗೋ, ಹೊರಗಿನ ಹುಲ್ಲಿನ ಮೇಲೋ, ಮನೆಯ ಟೆರೇಸಿನಲ್ಲೋ? ಮೇ ತಿಂಗಳ ಅಥಣಿ ಬಿಸಿಲೋ, ಜುಲೈನ ನಿಪ್ಪಾಣಿ ಮಳೆಯೋ? ಕಾರೋ, ಬಸ್ಸೋ, ಅಣ್ಣನ ಬೈಕಿನ ಹಿಂದಿನ ಸೀಟೋ?

ಇದನ್ನು ಬರೆಯದೆ ನಾನು ಕೆಟ್ಟಿದ್ದೇನೆ. ಮೊದಲ ಸಲ ವೆಸ್ಟರ್ನ್ ಹಾಕುವ ಉಮೇದಿನಲ್ಲಿ ಮೂರು ಇಂಚಿನ ಹೀಲ್ಸ್ ತಂದೆ. ಪಾರ್ಟಿ ಇದ್ದದ್ದು ಕಾರ್ಯಾಲಯದ ಹಿಂದಿನ ಹುಲ್ಲಿನಲ್ಲಿ, ಅದಕ್ಕೆ ಅವತ್ತು ಮಧ್ಯಾಹ್ನ ತಾನೇ ನೀರು ಬಿಟ್ಟಿದ್ದರು. ಹೆಜ್ಜೆ ಇಟ್ಟಲ್ಲೆಲ್ಲ ಹಿಮ್ಮಡಿ ಮೊಳೆಯ ಹಾಗೆ ನೆಲಕ್ಕೆ ಇಳಿಯುವುದು, ನಾನು ನಿಂತು ಕಿತ್ತುಕೊಳ್ಳುವುದು. ಫೋಟೊಗಳಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ನಾನೊಬ್ಬಳು ನೆಲ ನೋಡುತ್ತಿದ್ದೇನೆ.

ಹಂತ 2: ಪಾದದ ಅಳತೆ ತೆಗೆಯಿರಿ

ಸಂಜೆ ಹೊತ್ತು ತೆಗೆಯಿರಿ. ದಿನವೆಲ್ಲ ಓಡಾಡಿದ ಪಾದ ಸ್ವಲ್ಪ ಉಬ್ಬಿರುತ್ತದೆ, ಪಾರ್ಟಿ ಇರುವುದೂ ಸಂಜೆಯೇ. ನೆಲದ ಮೇಲೆ ಬಿಳಿ ಹಾಳೆ ಇಟ್ಟು ಅದರ ಮೇಲೆ ನಿಲ್ಲಿ. ಕುಳಿತು ತೆಗೆಯಬೇಡಿ, ನಿಂತಾಗ ಪಾದ ಅಗಲವಾಗುತ್ತದೆ. ತಂಗಿಗೆ ಪೆನ್ಸಿಲ್ ಕೊಟ್ಟು ಸುತ್ತ ಗೆರೆ ಎಳೆಯಲು ಹೇಳಿ. ಪೆನ್ಸಿಲ್ ನೆಟ್ಟಗಿರಲಿ, ಒಳಗೆ ಓರೆಯಾದರೆ ಅಳತೆ ಸಣ್ಣದಾಗುತ್ತದೆ. ಎರಡೂ ಪಾದ ಬರೆದು, ದೊಡ್ಡದು ಯಾವುದೋ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಎರಡೂ ಒಂದೇ ಅಳತೆ ಇರುವವರು ಕಡಿಮೆ.

ಈ ಹಾಳೆ ಮಡಚಿ ಪರ್ಸಿನಲ್ಲಿಡಿ. ಅಂಗಡಿಯ ನಂಬರು ಒಬ್ಬೊಬ್ಬರದು ಒಂದೊಂದು ಥರ, ನಿಮ್ಮ ಗೆರೆ ಬದಲಾಗುವುದಿಲ್ಲ.

ಹಂತ 3: ಚಪ್ಪಲಿ ಆರಿಸಿ

ಕೊಲ್ಹಾಪುರಿ ಅಂತ ಜಗತ್ತೆಲ್ಲ ಕರೆಯುವ ಚಪ್ಪಲಿಯ ದೊಡ್ಡ ಪಾಲು ತಯಾರಾಗುವುದು ಗಡಿಯ ಈಚೆ, ಅಥಣಿಯಲ್ಲಿ, ಅದೇ ತಾಲೂಕಿನ ಮದಭಾವಿಯಲ್ಲಿ, ನಿಪ್ಪಾಣಿಯ ಕಡೆ. ಇದು ನಮಗೆಲ್ಲ ಗೊತ್ತು, ಹೊರಗಿನವರಿಗೆ ಗೊತ್ತಿಲ್ಲ. 2019ರಲ್ಲಿ ಇದಕ್ಕೆ ಜಿಐ ಟ್ಯಾಗ್ ಬಂದಾಗ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ ಹಕ್ಕು ಸಿಕ್ಕಿತು. ಹೆಸರು ಅವರದು, ಕೈ ಇಬ್ಬರದೂ.

ವೆಸ್ಟರ್ನ್ ಡ್ರೆಸ್ಸಿಗೆ ಇದು ಒಪ್ಪೀತೇ ಅಂತ ಹೆದರುವವರಿಗೆ ಒಂದು ಮಾತು. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ಪ್ರಾಡಾ ಕಂಪನಿಯ ಗಂಡಸರ ಫ್ಯಾಷನ್ ಶೋ ನಡೆಯಿತು. ಅಲ್ಲಿ ಮಾಡೆಲ್‌ಗಳ ಕಾಲಲ್ಲಿದ್ದದ್ದು ಥೇಟ್ ಇದೇ ಹೆಬ್ಬೆರಳ ಉಂಗುರದ, ಅಗಲ ಪಟ್ಟಿಯ ಚಪ್ಪಲಿ. ಎಲ್ಲಿಂದ ಬಂದದ್ದು ಅಂತ ಮೊದಲು ಹೇಳಿರಲಿಲ್ಲ. ಇಲ್ಲಿ ಗದ್ದಲವಾದ ಮೇಲೆ, ಭಾರತದ ಸಾಂಪ್ರದಾಯಿಕ ಚಪ್ಪಲಿಯಿಂದ ಸ್ಫೂರ್ತಿ ಪಡೆದದ್ದು ಅಂತ ಒಪ್ಪಿಕೊಂಡರು. ಮಿಲಾನ್‌ನಲ್ಲಿ ಸೂಟಿನ ಕೆಳಗೆ ನಡೆದದ್ದು ನಿಪ್ಪಾಣಿಯ ಕಾರ್ಯಾಲಯದಲ್ಲಿ ಮಿಡಿಯ ಕೆಳಗೆ ನಡೆಯುವುದಿಲ್ಲವೇ?

ಈಗ ಅಂಗಡಿಗೆ ಹೋಗಿ, ಕೈಯಲ್ಲಿ ಹಿಡಿದು ನೋಡಿ. ಅಸಲಿ ಚಪ್ಪಲಿಯ ಅಡಿಯ ಅಂಚನ್ನು ಕಣ್ಣಿಗೆ ಹತ್ತಿರ ಹಿಡಿದರೆ ಚರ್ಮದ ಪದರಗಳು ಒಂದರ ಮೇಲೊಂದು ಕಾಣುತ್ತವೆ. ಮೊಳೆ ಇರುವುದಿಲ್ಲ, ಕೈಹೊಲಿಗೆ ಇರುತ್ತದೆ, ಅಷ್ಟು ಸಮವಾಗಿರದ ಹೊಲಿಗೆ. ಮಷಿನ್ನಿನ ಹಾಗೆ ಒಂದೇ ಸಮ ಇದ್ದರೆ ಅನುಮಾನ ಪಡಿ. ಮೂಗಿಗೆ ಹಿಡಿಯಿರಿ. ಜಾಲಿಯ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಚರ್ಮಕ್ಕೆ ಮಣ್ಣು ಮತ್ತು ಮರದ ವಾಸನೆ ಇರುತ್ತದೆ, ರೆಗ್ಜಿನ್‌ಗೆ ಪೆಟ್ರೋಲಿನದು. ಮೇಲಿನ ಪಟ್ಟಿಯ ಸಣ್ಣ ಜಡೆಯನ್ನು ಬೆರಳಿನಿಂದ ಮುಟ್ಟಿ. ದಾರದಷ್ಟು ತೆಳ್ಳಗೆ ಕೊಯ್ದ ಚರ್ಮದ ಎಳೆಗಳನ್ನು ಕೂದಲು ಹೆಣೆದ ಹಾಗೆ ಹೆಣೆದಿರುತ್ತಾರೆ. ಅಥಣಿಯಲ್ಲಿ ಈ ಕೆಲಸ ಬಹಳ ಮಟ್ಟಿಗೆ ಹೆಂಗಸರದು, ಮನೆಯ ಪಡಸಾಲೆಯಲ್ಲೇ ಕುಳಿತು ಮಾಡುವಂಥದ್ದು. ನೀವು ಚೌಕಾಶಿಗೆ ಇಳಿಯುವ ಮುಂಚೆ ಆ ಜಡೆಯನ್ನು ಇನ್ನೊಮ್ಮೆ ನೋಡಿ.

ಹೊಸಬರು ಜಾರುವುದು ಇಲ್ಲಿ: ಬಣ್ಣದ ಗೊಂಡೆ, ಜರಿ, ಕನ್ನಡಿ ಇರುವ ಚಪ್ಪಲಿ ಕಂಡು ಮನಸ್ಸು ಸೋಲುತ್ತದೆ. ಬೇಡ. ಚರ್ಮದ ಸಹಜ ಕಂದು ಬಣ್ಣದ್ದು, ಜಡೆ ಒಂದೇ ಅಲಂಕಾರವಾಗಿ ಇರುವುದು ಸಾಕು. ಅದು ಯಾವ ಡ್ರೆಸ್ಸಿಗೂ ಒಪ್ಪುತ್ತದೆ. ಎತ್ತರ ಬೇಕೇ ಬೇಕು ಅಂದರೆ ಒಂದು ಇಂಚಿನ ಹಿಮ್ಮಡಿ ಕೇಳಿ ನೋಡಿ. ಆಮೇಲೆ ಅಂಗಡಿಯಲ್ಲೇ ಹತ್ತು ಹೆಜ್ಜೆ ನಡೆಯಿರಿ. ಕೆಲವು ಜೋಡಿ ನಡೆದಾಗ ಕರ್ ಕರ್ ಅನ್ನುತ್ತವೆ. ಊರಗೌಡರಿಗೆ ಅದು ಗತ್ತು, ನಿಮಗೆ ಹಾಲ್‌ನಲ್ಲಿ ಮುಜುಗರ.

ಹಂತ 4: ಚಪ್ಪಲಿ ಪಳಗಿಸಿ

ಹೊಸ ಕೊಲ್ಹಾಪುರಿ ಕಚ್ಚುತ್ತದೆ. ಎಲ್ಲರಿಗೂ ಕಚ್ಚುತ್ತದೆ. ನಿಮ್ಮ ಪಾದದ ದೋಷವಲ್ಲ.

ರಾತ್ರಿ ಮಲಗುವ ಮುಂಚೆ ಹತ್ತಿಯ ತುಂಡನ್ನು ಔಡಲ ಎಣ್ಣೆಯಲ್ಲಿ ಅದ್ದಿ, ಹಿಂಡಿ, ಪಟ್ಟಿಯ ಒಳಮೈಗೆ ಮತ್ತು ಹೆಬ್ಬೆರಳ ಉಂಗುರಕ್ಕೆ ಮಾತ್ರ ಸವರಿ. ಕೊಬ್ಬರಿ ಎಣ್ಣೆಯೂ ನಡೆಯುತ್ತದೆ. ಎಣ್ಣೆ ಹೆಚ್ಚಾದರೆ ಚರ್ಮ ಕಪ್ಪಾಗುತ್ತದೆ, ಡ್ರೆಸ್ಸಿಗೂ ಹತ್ತುತ್ತದೆ, ಹಾಗಾಗಿ ಬೆಳಿಗ್ಗೆ ಒಣ ಬಟ್ಟೆಯಿಂದ ಒರೆಸಿ. ಮೊದಲ ನಾಲ್ಕು ದಿನ ಮನೆಯಲ್ಲೇ ಇಪ್ಪತ್ತು ನಿಮಿಷ ಹಾಕಿಕೊಂಡು ಓಡಾಡಿ, ರೊಟ್ಟಿ ಬಡಿಯುವಾಗ, ಬಟ್ಟೆ ಮಡಚುವಾಗ. ಆಮೇಲೆ ಒಂದು ತಾಸು. ಎರಡನೇ ವಾರ ಕಿರಾಣಿ ಅಂಗಡಿವರೆಗೆ. ಹೆಬ್ಬೆರಳ ಹತ್ತಿರ ಕೆಂಪಾದರೆ ಅವತ್ತಿಗೆ ನಿಲ್ಲಿಸಿ, ಬೊಬ್ಬೆ ಬರುವವರೆಗೆ ಹಟ ಹಿಡಿಯಬೇಡಿ.

ನೀರು ಮಾತ್ರ ತಾಗಿಸಬೇಡಿ. ತೊಗಟೆಯಲ್ಲಿ, ಕಾಯಿಯಲ್ಲಿ ಹದವಾದ ಚರ್ಮ ನೀರು ಕುಡಿದರೆ ಉಬ್ಬಿ, ಒಣಗಿದ ಮೇಲೆ ಸೊಟ್ಟಗಾಗುತ್ತದೆ.

ಹಂತ 5: ಖಣ ಹುಡುಕಿ

ಡ್ರೆಸ್ ಇನ್ನೂ ಬೇಡ. ಮೊದಲು ಅದರ ಮೇಲೆ ಬರುವ ಗಿಡ್ಡ ಜಾಕೆಟ್ಟಿನ ಬಟ್ಟೆ. ಇದಕ್ಕೆ ಪೇಟೆಗಿಂತ ಮುಂಚೆ ಆಯಿಯ ಟ್ರಂಕಿಗೆ ಹೋಗಿ.

ನಮ್ಮ ಕಡೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲ ಜೊತೆ ಖಣ ಇಡುತ್ತಾರೆ. ನಲವತ್ತು ವರ್ಷ ಸಂಸಾರ ಮಾಡಿದ ಹೆಂಗಸಿನ ಟ್ರಂಕಿನಲ್ಲಿ ಹೊಲಿಸದೇ ಉಳಿದ ಖಣ ಎಷ್ಟಿರುತ್ತವೋ ಲೆಕ್ಕವಿಲ್ಲ. ಹೆಚ್ಚಿನವು ಈಚಿನ ಪಾಲಿಸ್ಟರ್ ಬ್ಲೌಸ್ ಪೀಸುಗಳು, ಅವನ್ನು ಪಕ್ಕಕ್ಕಿಡಿ. ಕೆಳಗೆಲ್ಲೋ ಗುಳೇದಗುಡ್ಡದ ಅಸಲಿ ಖಣ ಸಿಗುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಬಣ್ಣ ಬದಲಾಗುತ್ತದೆ, ನೆಯ್ಗೆಯಲ್ಲೇ ಮೂಡಿದ ಸಣ್ಣ ಸಣ್ಣ ಹೂವು, ಬುಟ್ಟಾ ಇರುತ್ತವೆ, ಎರಡೂ ಬದಿಗೆ ಬೇರೆ ಬಣ್ಣದ ದಡಿ ಇರುತ್ತದೆ. ಇಳಕಲ್ ಸೀರೆ ಉಟ್ಟವರ ಮೈಮೇಲೆ ಕುಬಸವಾಗಿ ನೋಡಿಯೇ ಇರುತ್ತೀರಿ.

ನಾನು ಕೇಳಿದಾಗ ಆಯಿ ಕೊಟ್ಟದ್ದು ಕುಂಕುಮ ಬಣ್ಣದ್ದು, ಹಸಿರು ದಡಿ. ಕೊಡುವಾಗ, "ಕುಬಸಾ ಹೊಲಸ್ತಿ ಏನವಾ?" ಅಂದಳು. ಕೋಟು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಡ್ಯಾಗ ಬಂದದ್ದು, ತುಂಡ ತುಂಡ ಮಾಡಿ ಒಗೀಬ್ಯಾಡ ಮತ್ತ" ಅಂದಳು. ಅಷ್ಟೇ ಷರತ್ತು.

ಟ್ರಂಕಿನಲ್ಲಿ ಸಿಗದಿದ್ದರೆ ಸೀರೆ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ತೋಳಿಲ್ಲದ ಜಾಕೆಟ್ಟಿಗೆ ಒಂದು ಮೀಟರ್, ಮೊಣಕೈವರೆಗೆ ತೋಳು ಬೇಕಾದರೆ ಎರಡು ಮೀಟರ್. ಖಣದ ಪನ್ನಾ, ಅಂದರೆ ಅಗಲ, ಕಡಿಮೆ ಇರುತ್ತದೆ, ಬೇರೆ ಬಟ್ಟೆಯ ಲೆಕ್ಕ ಹಿಡಿಯಬೇಡಿ.

ಹಂತ 6: ಈಗ ಡ್ರೆಸ್

ಖಣ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ನೆನಪಿನಲ್ಲಿ ಇಟ್ಟುಕೊಂಡ ಬಣ್ಣ ಯಾವಾಗಲೂ ಮೋಸ ಮಾಡುತ್ತದೆ.

ಹೊಸಬರಿಗೆ ಮಿಡಿ ಡ್ರೆಸ್ ಒಳ್ಳೆಯದು. ಮೊಣಕಾಲಿನ ಕೆಳಗೆ ಬಂದು, ಕಾಲ್ಗಂಟಿಗಿಂತ ಐದಾರು ಇಂಚು ಮೇಲೆ ನಿಲ್ಲುವುದು. ಸೊಂಟದಿಂದ ಕೆಳಗೆ ಸ್ವಲ್ಪ ಅಗಲವಾಗುತ್ತ ಹೋಗುವ ಎ-ಲೈನ್ ಕಟ್ ಇರಲಿ, ಕೂತೇಳಲು ಸಲೀಸು. ಪ್ಲೇನ್ ಬಣ್ಣ. ಕಾಟನ್, ರೇಯಾನ್ ಅಥವಾ ಕ್ರೇಪ್. ಸ್ಯಾಟಿನ್ ಹೊಳಪಿಗೆ ಮರುಳಾಗಬೇಡಿ. ಬೆವರಿನ ಕಲೆ, ಕುಳಿತ ಸುಕ್ಕು, ಒಳಗಿನ ಬಟ್ಟೆಯ ಗೆರೆ, ಎಲ್ಲ ಊರಿಗೆ ಸಾರುತ್ತದೆ.

ಬಣ್ಣಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆಯಿಯ ಚಂದ್ರಕಾಳಿ ಸೀರೆ ನೆನಪು ಮಾಡಿಕೊಳ್ಳಿ: ಮೈಯೆಲ್ಲ ಕಪ್ಪು, ದಡಿ ಕೆಂಪು. ಅದೇ ಲೆಕ್ಕ. ಕೆಂಪು ಖಣಕ್ಕೆ ಕಪ್ಪು ಅಥವಾ ಬಾಟಲ್ ಗ್ರೀನ್ ಡ್ರೆಸ್, ಹಸಿರು ಖಣಕ್ಕೆ ವೈನ್ ಬಣ್ಣ, ಹಳದಿ ಖಣಕ್ಕೆ ಗಾಢ ನೀಲಿ. ಪ್ಯಾರಿಸ್‌ನವರು ಕಪ್ಪು ಗೌನಿಗೆ ಕೆಂಪು ಲಿಪ್‌ಸ್ಟಿಕ್ ಹಚ್ಚುವುದೂ ಇದೇ ಲೆಕ್ಕದಲ್ಲಿ.

ಎಲ್ಲಿ ಕೊಳ್ಳುವುದು ಅಂತೀರಾ? ನಿಪ್ಪಾಣಿಯವರಿಗೆ ಕೊಲ್ಹಾಪುರ ಹೆದ್ದಾರಿಯಲ್ಲಿ ಒಂದು ತಾಸೂ ಆಗದ ದಾರಿ. ಕಾಗವಾಡದವರಿಗೆ ಮಿರಜ್ ಕೈಗೆಟಕುವಷ್ಟು ಹತ್ತಿರ, ರಾಯಬಾಗದವರು ರೈಲು ಹಿಡಿದರೂ ಅಲ್ಲಿಗೇ. ಆದರೆ ಚಿಕ್ಕೋಡಿ, ಅಥಣಿಯ ಅಂಗಡಿಗಳಲ್ಲೂ ಈಗ ಮಿಡಿ ನೇತು ಹಾಕಿರುತ್ತಾರೆ. ಮನಸ್ಸಿಗೆ ಬಂದದ್ದು ಸಿಗದಿದ್ದರೆ ಇಚಲಕರಂಜಿಯ ಕಾಟನ್ ಮೂರು ಮೀಟರ್ ತಂದು ಹೊಲಿಸಿ. ನನಗೆ ಕೇಳಿದರೆ ಹೊಲಿಸಿದ್ದೇ ಮೇಲು. ರೆಡಿಮೇಡ್ ಹೊಲಿಯುವವರು ನಿಮ್ಮನ್ನು ನೋಡಿಲ್ಲ, ನಿಮ್ಮೂರ ಟೇಲರ್ ನೋಡಿದ್ದಾರೆ.

ಅಂಗಡಿಯಲ್ಲಿ ಹಾಕಿ ನೋಡುವಾಗ ಮೂರು ಮಾಡಿ: ಎರಡೂ ಕೈ ಮೇಲೆತ್ತಿ, ಕುರ್ಚಿಯ ಮೇಲೆ ಕೂಡಿ, ನೆಲಕ್ಕೆ ಬಗ್ಗಿ ಏನಾದರೂ ಎತ್ತಿಕೊಳ್ಳಿ. ಎಲ್ಲಾದರೂ ಎಳೆದರೆ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಿ. ಸಣ್ಣದನ್ನು ದೊಡ್ಡದು ಮಾಡಲು ಬರುವುದಿಲ್ಲ, ದೊಡ್ಡದನ್ನು ಹಿಡಿದು ಹೊಲಿಯಬಹುದು.

ಹಂತ 7: ಅಸ್ತರ ನೆನೆಸಿ

ಇದನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಜಾಕೆಟ್ಟಿನ ಒಳಗೆ ಹಾಕುವ ಕಾಟನ್ ಅಸ್ತರವನ್ನು ರಾತ್ರಿ ಬಕೆಟ್ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಟೇಲರ್‌ಗೆ ಕೊಡಿ. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಅಸ್ತರ ಕುಗ್ಗಿ ಮೇಲಿನ ಖಣ ಜೋಲಾಗುತ್ತದೆ. ಖಣವನ್ನು ಮಾತ್ರ ನೆನೆಸಬೇಡಿ, ಬಣ್ಣ ಬಿಟ್ಟೀತು.

ಹಂತ 8: ಟೇಲರ್‌ಗೆ ಸರಿಯಾಗಿ ಹೇಳಿ

ಇಲ್ಲಿ ಸ್ವಲ್ಪ ನಿಧಾನ ಮಾಡಿ. ನಮ್ಮ ಟೇಲರ್ ಅಕ್ಕನವರ ಕೈ ಕುಬಸಕ್ಕೆ ಪಳಗಿದೆ. ಖಣ ಕಂಡ ಕೂಡಲೇ ಕೈ ತಾನೇ ಬಿಗಿಯಾಗಿ ಕತ್ತರಿಸುತ್ತದೆ. ನೀವು ಹೇಳಬೇಕಾದದ್ದು ಇಷ್ಟು: "ಅಕ್ಕಾರ, ಇದು ಕುಬಸ ಅಲ್ರಿ, ಡ್ರೆಸ್ಸಿನ ಮ್ಯಾಲೆ ಹಾಕೂ ಜಾಕೀಟ. ಎದಿ ಅಳತಿಗೆ ನಾಕ ಇಂಚ ಸಡಲ ಬಿಡ್ರಿ. ಕಂಕಳಾ ದೊಡ್ಡದ ಇರ್ಲಿ. ಉದ್ದ ನಡಾಕ ಬಂದ ನಿಂದ್ರಲಿ."

ಈಗ ಯಾರಿಗೂ ಹೊಳೆಯದ ಒಂದು ಉಪಾಯ. ಉಡಿಯ ಖಣ ಒಂದೇ ತುಂಡು ಇದೆ, ಇಡೀ ಜಾಕೆಟ್ಟಿಗೆ ಸಾಲದು ಅಂತ ಟೇಲರ್ ತಲೆ ಅಲ್ಲಾಡಿಸುತ್ತಾರೆ. ಭಯಪಡಬೇಡಿ. ಗಂಡಸರ ಸೂಟಿನ ಒಳಗಿನ ವೇಸ್ಟ್‌ಕೋಟ್ ನೋಡಿದ್ದೀರಲ್ಲ, ಮುಂದುಗಡೆ ಸೂಟಿನ ಬಟ್ಟೆ, ಬೆನ್ನಿಗೆ ಬೇರೆ ತೆಳು ಬಟ್ಟೆ. ವೆಸ್ಟರ್ನ್ ಹೊಲಿಗೆಯಲ್ಲಿ ಅದು ನೂರಾರು ವರ್ಷದ ರೂಢಿ. ನಾವೂ ಹಾಗೇ ಮಾಡೋಣ. ಮುಂದಿನ ಎರಡು ಭಾಗ ಖಣ, ಬೆನ್ನಿಗೆ ಡ್ರೆಸ್ಸಿನದೇ ಬಣ್ಣದ ಪ್ಲೇನ್ ಬಟ್ಟೆ, ತೋಳು ಬೇಡ. ಖಣದ ಎರಡೂ ದಡಿ ಮುಂದುಗಡೆ ತೆರೆಯುವ ಅಂಚಿಗೆ ಬರುವಂತೆ ಕತ್ತರಿಸಲು ಹೇಳಿ. ಎಡಕ್ಕೊಂದು ದಡಿ, ಬಲಕ್ಕೊಂದು ದಡಿ, ಎದೆಯಿಂದ ನಡುವಿನವರೆಗೆ ಎರಡು ನೇರ ಗೆರೆ. ಲೇಸ್, ಪೈಪಿಂಗ್ ಏನೂ ಬೇಡ. ಹುಕ್ಕು, ಗುಂಡಿಯೂ ಬೇಡ, ತೆರೆದೇ ಇರಲಿ.

ಖಣ ಬೇಗ ನೂಲು ಬಿಡುತ್ತದೆ. ಒಳಗಿನ ಅಂಚುಗಳಿಗೆ ಓವರ್‌ಲಾಕ್ ಹೊಡೆಸಿ. ನಡುವೆ ಉಳಿದ ತುಂಡನ್ನು ಕಸದ ಬುಟ್ಟಿಗೆ ಹಾಕಲು ಬಿಡಬೇಡಿ, ಕೇಳಿ ತೆಗೆದುಕೊಳ್ಳಿ. ಮುಂದೆ ಬೇಕು. ಆಯಿಯ ಷರತ್ತೂ ಇದೆ.

ಪಾರ್ಟಿಗೆ ನಾಲ್ಕು ದಿನ ಮುಂಚಿನ ತಾರೀಖು ಹೇಳಿ. "ನಾಳೆ ಬರ್ರಿ" ಅನ್ನುವುದಕ್ಕೆ ಎರಡು ದಿನ ಅದರಲ್ಲೇ ಸೇರಿದೆ.

ಹಂತ 9: ಬೆಲ್ಟ್ ಕಟ್ಟಿ ನೋಡಿ

ಚಪ್ಪಲಿಯ ಬಣ್ಣಕ್ಕೆ ಹತ್ತಿರದ ಕಂದು ಚರ್ಮದ ಬೆಲ್ಟ್, ಒಂದು ಇಂಚಿಗಿಂತ ಅಗಲ ಬೇಡ. ಡ್ರೆಸ್ಸಿನ ಮೇಲೆ, ಜಾಕೆಟ್ಟಿನ ಒಳಗೆ ಬರಬೇಕು. ಅಣ್ಣನ ಬೆಲ್ಟಿಗೆ ಹೊಸ ತೂತು ಹಾಕಿಸಿದರೂ ನಡೆಯುತ್ತದೆ, ಅಣ್ಣನಿಗೆ ಹೇಳಿ ಮಾಡಿ.

ಹಂತ 10: ಒಂದೇ ಒಂದು ಒಡವೆ ಆರಿಸಿ

ಎಲ್ಲರೂ ಜಾರುವ ಜಾಗ ಇದು. ನಮ್ಮಲ್ಲಿ ಲಗ್ನ ಅಂದರೆ ಇದ್ದದ್ದೆಲ್ಲ ಹೇರಿಕೊಳ್ಳುವುದು. ಇವತ್ತು ಬೇಡ. ಖಣ ಇದೆಯಲ್ಲ, ಅದೇ ಅರ್ಧ ಒಡವೆ.

ಕತ್ತಿಗೆ ಹತ್ತುವ ಠುಸಿ ಮನೆಯಲ್ಲಿದ್ದರೆ ಅದೊಂದೇ ಹಾಕಿ. ಸಣ್ಣ ಬಂಗಾರದ ಗುಂಡುಗಳು ಒತ್ತಾಗಿ ಕೂತು ಕತ್ತಿಗೆ ಪಟ್ಟಿಯ ಹಾಗೆ ನಿಲ್ಲುತ್ತದೆ, ದುಂಡು ಕತ್ತಿನ ಪ್ಲೇನ್ ಡ್ರೆಸ್ಸಿಗೆ ಇದಕ್ಕಿಂತ ಒಳ್ಳೆಯ ಜೊತೆ ನಾನು ನೋಡಿಲ್ಲ. ಅದನ್ನೇ ವಿದೇಶದ ಪುಸ್ತಕಗಳಲ್ಲಿ ಚೋಕರ್ ಅಂತ ಕರೆದು ಹೊಸ ಸಂಗತಿಯ ಹಾಗೆ ಮಾತಾಡುತ್ತಾರೆ. ಠುಸಿ ಹಾಕಿದರೆ ಕಿವಿಗೆ ಸಣ್ಣ ಟಾಪ್ಸ್ ಸಾಕು. ಕಿವಿಯ ಮೇಲಂಚಿಗೆ ಬುಗುಡಿ ಹಾಕುವ ಆಸೆ ಇದ್ದರೆ ಠುಸಿ ಬಿಡಿ.

ಮೇಲೆ ಒಂದು ಅಂದೆ, ಕೆಳಗಿನದು ಲೆಕ್ಕಕ್ಕಿಲ್ಲ. ಮಿಡಿಯ ಅಂಚು ಮತ್ತು ಚಪ್ಪಲಿಯ ನಡುವೆ ಐದಾರು ಇಂಚು ಖಾಲಿ ಬಿಟ್ಟೆವಲ್ಲ, ಅದು ಸುಮ್ಮನೆ ಅಲ್ಲ. ಗಡಿಯಾಚೆ ಹುಪರಿ ಇಡೀ ಊರೇ ಬೆಳ್ಳಿ ಕೆಲಸದ್ದು. ಅಲ್ಲಿಯ ಕಾಲ್ಚೈನು ನಿಮ್ಮ ಮನೆಯಲ್ಲಿ ಒಂದಾದರೂ ಇರುತ್ತದೆ. ಗೆಜ್ಜೆ ಕಡಿಮೆ ಇರುವ ತೆಳ್ಳನೆಯದು, ಒಂದೇ ಕಾಲಿಗೆ. ಎರಡೂ ಕಾಲಿಗೆ ಹಾಕಿದರೆ ಭರತನಾಟ್ಯ, ಒಂದಕ್ಕೆ ಹಾಕಿದರೆ ಪಾರ್ಟಿ.

ಹಂತ 11: ಕೈಚೀಲ ಮಾಡಿ

ಉಳಿದ ಖಣದ ತುಂಡು ತೆಗೆಯಿರಿ. ಮುಚ್ಚಳ ಇರುವ ಹಳೆಯ ಮೊಬೈಲ್ ಕವರ್ ಅಥವಾ ಗಟ್ಟಿ ಪೌಚ್ ಇದ್ದರೆ ಅದರ ಮೇಲೆ ಫ್ಯಾಬ್ರಿಕ್ ಗ್ಲೂ ಹಚ್ಚಿ ಅಂಟಿಸಿ. ಗಾಳಿ ಗುಳ್ಳೆ ಉಳಿಯದಂತೆ ನಡುವಿನಿಂದ ಅಂಚಿಗೆ ಕೈಯಿಂದ ಸವರಿ, ಒಂದು ರಾತ್ರಿ ದಪ್ಪ ಪುಸ್ತಕದ ಕೆಳಗಿಡಿ. ಫೋನು, ಬಸ್ಸಿನ ಚಿಲ್ಲರೆ, ಎರಡು ಪಿನ್ನು, ಒಂದು ಬ್ಯಾಂಡೇಜು, ಇಷ್ಟು ಹಿಡಿದರೆ ಸಾಕು.

ಹಂತ 12: ಕೂದಲು, ಮುಖ

ಹೆಚ್ಚೇನಿಲ್ಲ. ಕತ್ತು ಕಾಣುವ ಹಾಗೆ ಕೆಳಗೊಂದು ಸಡಿಲ ತುರುಬು, ಬೇಕಾದರೆ ಒಂದು ಅಬೋಲಿ ತುಣುಕು. ಮುಖಕ್ಕೆ ಕಾಜಲ್, ಖಣದ ಬಣ್ಣದ ಲಿಪ್‌ಸ್ಟಿಕ್. ಪಾರ್ಟಿಯ ದಿನ ಹೊಸ ಕ್ರೀಮ್ ಯಾವುದನ್ನೂ ಮೊದಲ ಸಲ ಹಚ್ಚಬೇಡಿ.

ಹಂತ 13: ಒಂದು ರಿಹರ್ಸಲ್ ಮಾಡಿ

ಎರಡು ದಿನ ಮುಂಚೆ, ಸಂಜೆ, ಪೂರ್ತಿ ಹಾಕಿಕೊಳ್ಳಿ, ಚಪ್ಪಲಿ ಸಮೇತ. ತಂಗಿಯ ಕೈಗೆ ಫೋನ್ ಕೊಟ್ಟು ಮುಂದಿನಿಂದ, ಹಿಂದಿನಿಂದ, ಕುಳಿತು, ಮೂರು ಫೋಟೊ ತೆಗೆಸಿ. ಒಂದನ್ನು ಫ್ಲಾಶ್ ಹಾಕಿಯೇ ತೆಗೆಸಿ. ಮನೆಯ ಬಲ್ಬಿನಲ್ಲಿ ಗಟ್ಟಿ ಕಂಡ ಬಟ್ಟೆ ಫ್ಲಾಶಿಗೆ ಪಾರದರ್ಶಕವಾಗುವುದುಂಟು. ಹಾಗಾದರೆ ಒಳಗೊಂದು ಸ್ಲಿಪ್ ಹಾಕಿ, ತೀರಿತು.

ಆಮೇಲೆ ಅಡುಗೆಮನೆಗೆ ಹೋಗಿ ಅವ್ವನ ಮುಂದೆ ನಿಲ್ಲಿ. ಹೇಗೂ ನೋಡುವವಳು, ಮೊದಲೇ ನೋಡಲಿ. ಅವ್ವ ಹುಬ್ಬೇರಿಸುವುದು ಸಾಮಾನ್ಯವಾಗಿ ಡ್ರೆಸ್ಸಿನ ಉದ್ದಕ್ಕೆ. ಎರಡು ಇಂಚಿನ ಮಾತಾದರೆ ಅಂಚು ಬಿಚ್ಚಿ ಕೆಳಗಿಳಿಸಿ, ಜಗಳಕ್ಕೆ ಕೂರಬೇಡಿ. ನನಗೆ ಆದದ್ದೇ ಬೇರೆ. ಅವ್ವ ಏನೋ ಅನ್ನಲು ಬಾಯಿ ತೆಗೆದಳು, ಅಷ್ಟರಲ್ಲಿ ಮೂಲೆಯಿಂದ ಆಯಿ, "ನನ್ನ ಖಣ ನೋಡ ಎಷ್ಟ ಛಂದ ಕುಂತೈತಿ" ಅಂದುಬಿಟ್ಟಳು. ಉದ್ದದ ಮಾತೇ ಬರಲಿಲ್ಲ.

ತಮ್ಮನೂ ಪಾರ್ಟಿಗೆ ಬರುವವನಿದ್ದರೆ ಅವನಿಗೆ ಹೆಚ್ಚು ಕೆಲಸವಿಲ್ಲ. ಗಾಢ ಬಣ್ಣದ ಜೀನ್ಸ್ ಅಥವಾ ಚಿನೋಸ್, ಬಿಳಿ ಲಿನನ್ ಅಂಗಿ, ತೋಳು ಎರಡು ಮಡಿಕೆ ಮೇಲಕ್ಕೆ, ಕಾಲಿಗೆ ಅಥಣಿಯದು. ಪ್ಯಾಂಟಿನ ಅಂಚು ಚಪ್ಪಲಿಯನ್ನು ಮುಚ್ಚಬಾರದು, ಅಷ್ಟು ನೋಡಿ.

ಹಂತ 14: ಹೊರಡಿ

ಖಣವನ್ನು ಒಳಮೈ ಮೇಲೆ ಮಾಡಿ, ತೆಳು ಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ. ಬೈಕಿನಲ್ಲಿ ಹೋಗುವವರು ಜಾಕೆಟ್ಟನ್ನು ಮಡಚಿ ಚೀಲದಲ್ಲಿಟ್ಟು, ಅಲ್ಲಿ ಇಳಿದ ಮೇಲೆ ಹಾಕಿ. ತಲೆಗೆ ಸ್ಕಾರ್ಫ್ ಕಟ್ಟಿ. ಮಳೆ ಇದ್ದರೆ ಪ್ಲಾಸ್ಟಿಕ್ ಚಪ್ಪಲಿಯಲ್ಲಿ ಹೋಗಿ, ಅಥಣಿ ಜೋಡಿ ಚೀಲದಲ್ಲಿ ಬರಲಿ, ಕಾರ್ಯಾಲಯದ ಬಾಗಿಲಲ್ಲಿ ಬದಲಿಸಿ. ಯಾರೂ ನೋಡುವುದಿಲ್ಲ, ನೋಡಿದರೂ ಬುದ್ಧಿವಂತೆ ಅಂತಾರೆ.

ದೀಪಾವಳಿ ಆದ ಮೇಲಿನ ತಿಂಗಳುಗಳಲ್ಲಿ ಪಾರ್ಟಿ ಇದ್ದರೆ ಅರ್ಧ ತಾಸು ಮುಂಚೆ ಹೊರಡಿ. ಉಗಾರದ ದಾರಿಯಿರಲಿ, ಚಿಕ್ಕೋಡಿಯ ದಾರಿಯಿರಲಿ, ಮುಂದೆ ಎರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್ ಸಿಕ್ಕರೆ ಅದರ ಹಾಡು ಕೇಳುತ್ತಲೇ ಹೋಗಬೇಕು. ಹಿಂದಿಕ್ಕುವ ಆತುರ ಬೇಡ. ಕಬ್ಬಿನ ರವದಿ ಹಾರಿ ಬಂದು ತುರುಬಿನಲ್ಲಿ ಸಿಕ್ಕಿಕೊಂಡರೆ ಇಳಿದು ಕೊಡವಿಕೊಳ್ಳಿ.

ಹಂತ 15: ಮರಳಿದ ಮೇಲೆ

ದಣಿವಾಗಿರುತ್ತದೆ, ಆದರೂ ಹತ್ತು ನಿಮಿಷ. ಚಪ್ಪಲಿಯ ಧೂಳನ್ನು ಒಣ ಬಟ್ಟೆಯಿಂದ ಒರೆಸಿ, ಜಡೆಯ ಸಂದಿಗೆ ಹಳೆಯ ಟೂತ್‌ಬ್ರಷ್ ಆಡಿಸಿ. ಒದ್ದೆಯಾಗಿದ್ದರೆ ಪಟ್ಟಿಯ ಕೆಳಗೆ ಹಳೆಯ ಪೇಪರ್ ತುರುಕಿ ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಚರ್ಮ ಬಿರಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ, ಹಳೆಯ ದಿಂಬಿನ ಗಲೀಫಿನಲ್ಲಿ ಇಡಿ. ಜಾಕೆಟ್ಟನ್ನು ರಾತ್ರಿ ಗಾಳಿಗೆ ಹಾಕಿ, ಬೆಳಿಗ್ಗೆ ಅಸ್ತರ ಹೊರಗೆ ಬರುವಂತೆ ಮಡಚಿ ಬಿಳಿ ಬಟ್ಟೆಯಲ್ಲಿ ಸುತ್ತಿಡಿ. ಮಡಿಕೆ ಪ್ರತಿ ಸಲ ಅದೇ ಗೆರೆಗೆ ಬೀಳದಿರಲಿ, ಖಣ ಅಲ್ಲೇ ಸವೆಯುತ್ತದೆ.

ನನ್ನದು ಈಗ ಆಯಿಯ ಟ್ರಂಕಿನಲ್ಲೇ ಇದೆ. ಮುಂದಿನ ತಿಂಗಳು ಕಾಗವಾಡದಲ್ಲಿ ಇನ್ನೊಬ್ಬ ಗೆಳತಿಯ ಲಗ್ನ, ಬೀಗ ತೆಗೆಸಬೇಕಾದರೆ ಆಯಿಯನ್ನೇ ಕೇಳಬೇಕು.